ಎಡಗೈಯೇ ಯಾಕೆ ಜಾಸ್ತಿ? ಊರಿಗೆ ಮರಳಿದ ಗಾರ್ಮೆಂಟ್ಸ್ ಕಾರ್ಮಿಕರೊಬ್ಬರ ಪ್ರಕರಣ

ರೋಗಿ 38 ವರ್ಷದ ಹೆಂಗಸು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ಹಳ್ಳಿಯವರು. ಎರಡೂ ಕೈ ಜೋಮು ಹಿಡಿಯುತ್ತದೆ, ಎಡಗೈಗೆ ಜಾಸ್ತಿ, ರಾತ್ರಿ ನಿದ್ದೆ ಇಲ್ಲ, ಕುತ್ತಿಗೆಯ ಹಿಂದೆ ಸದಾ ನೋವು ಎಂದು 2023ರ ಜನವರಿಯಲ್ಲಿ ಬಂದರು. ಬಲಗೈ ಬಳಸುವವರು. ಹೆಸರು ಹಾಕುವುದು ಬೇಡ ಎಂದಿದ್ದಾರೆ. ನಾನು ಅವರನ್ನು ಕರೆಯುವುದು ಅಕ್ಕ ಅಂತ. ಇಲ್ಲೂ ಹಾಗೇ ಇರಲಿ.

ಅವರ ಪ್ಲಾಸ್ಟಿಕ್ ಚೀಲದಲ್ಲಿ ಎರಡು ವರ್ಷದ ಚೀಟಿಗಳಿದ್ದವು. ಒಂದರಲ್ಲಿ ಕುತ್ತಿಗೆಯ ಮೂಳೆ ಸವೆತ. ಇನ್ನೊಂದರಲ್ಲಿ ನರ ದೌರ್ಬಲ್ಯ. ಮತ್ತೊಂದರಲ್ಲಿ ರಕ್ತ ಕಮ್ಮಿ. ಕೊಟ್ಟಿದ್ದು ನೋವಿನ ಗುಳಿಗೆ, ಬಿ ಕಾಂಪ್ಲೆಕ್ಸ್ ಇಂಜೆಕ್ಷನ್, ಕುತ್ತಿಗೆ ಪಟ್ಟಿ. ಒಂದೊಂದು ಚೀಟಿ ಒಂದೊಂದು ಹೇಳುತ್ತಿದ್ದರೂ ಉದ್ಯೋಗದ ಜಾಗದಲ್ಲಿ ಮಾತ್ರ ಎಲ್ಲರೂ ಒಂದೇ ಬರೆದಿದ್ದರು: ಗೃಹಿಣಿ.

ನಾನು ಕುಮಟಾದಲ್ಲಿ ಫಿಜಿಯೊಥೆರಪಿ ಮಾಡುತ್ತೇನೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳಲ್ಲಿ ಇರುವಂಥ ಗಾರ್ಮೆಂಟ್ಸ್ ಸಾಲು ನಮ್ಮ ಕರಾವಳಿಯಲ್ಲಿ ಇಲ್ಲ. ಹಾಗಾಗಿ ಗಾರ್ಮೆಂಟ್ಸ್ ಕಾಯಿಲೆಯೂ ನಮ್ಮಲ್ಲಿ ಇಲ್ಲ ಅಂದುಕೊಂಡು ಕೂತಿದ್ದೇವೆ. ಆದರೆ ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯಿಂದ ಹೋಗಿ ಹೊಲಿದು ಬಂದವರು ಇದ್ದಾರೆ. ಅವರು ಕೆಲಸ ಮಾಡಿದ್ದು ಅಲ್ಲಿ, ನೋವು ತಿನ್ನುವುದು ಇಲ್ಲಿ. ಅಲ್ಲಿನ ಲೆಕ್ಕದಿಂದ ಅವರ ಹೆಸರು ಹೋಗಿರುತ್ತದೆ, ಇಲ್ಲಿ ಅವರು ಗೃಹಿಣಿ. ಈ ಪ್ರಕರಣವನ್ನು ಪೂರ್ತಿ ಬರೆಯಲು ಅದೇ ಕಾರಣ.

ಕೈ ಏನು ಹೇಳಿತು

ಜೋಮು ಯಾವ ಬೆರಳಿಗೆ ಎಂದು ಕೇಳಿದರೆ ಎಲ್ಲರೂ ಮೊದಲು ಹೇಳುವುದು "ಎಲ್ಲಾ ಬೆರಳಿಗೂ" ಅಂತ. ಅಕ್ಕನೂ ಹಾಗೇ ಹೇಳಿದರು. ಕೈಯ ಚಿತ್ರ ಬರೆದು, ಜೋಮು ಇರುವಲ್ಲಿ ಗೀಚಿ ಎಂದು ಪೆನ್ನು ಕೊಟ್ಟೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಗೀಚಿದರು. ಕಿರುಬೆರಳು ಬಿಟ್ಟರು. ಆಮೇಲೆ ಅವರೇ ನೋಡಿ, "ಹೌದಲ್ಲಾ, ಇದಕ್ಕೆ ಇಲ್ಲ" ಎಂದರು.

ಕಿರುಬೆರಳು ಬಿಟ್ಟುಹೋದರೆ ಅನುಮಾನ ಮಣಿಕಟ್ಟಿನ ಕಡೆ ಹೋಗುತ್ತದೆ. ಅಂಗೈ ಶುರುವಾಗುವಲ್ಲಿ ಮೂಳೆ ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಮೀಡಿಯನ್ ನರ ಅದರೊಳಗೇ ಹೋಗಬೇಕು. ರಜ್ಜುಗಳ ಸುತ್ತಲಿನ ಪೊರೆ ಊದಿಕೊಂಡರೆ ನರಕ್ಕೆ ಜಾಗ ಸಾಲದು. ಇದನ್ನೇ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುವುದು. ರಾತ್ರಿ ನಿದ್ದೆಯಲ್ಲಿ ಮಣಿಕಟ್ಟು ಮಡಚಿರುತ್ತದೆ, ಒಳಗಿನ ಒತ್ತಡ ಏರುತ್ತದೆ. ಎಚ್ಚರವಾಗಿ ಕೈ ಕೊಡವಿದರೆ ಸ್ವಲ್ಪ ಹಗುರ. ಅಕ್ಕ ಎರಡು ವರ್ಷದಿಂದ ರಾತ್ರಿ ಎದ್ದು ಜಗಲಿಯಲ್ಲಿ ಕೂತು ಕೈ ಕೊಡವುತ್ತಿದ್ದರು. "ಕೈ ಜೋಮು ಹಿಡಿದ್ರೆ ಮತ್ತೆ ನಿದ್ದೆನೇ ಬತ್ತಿಲ್ಲ" ಎಂದರು.

ಎರಡೂ ಮಣಿಕಟ್ಟು ಮಡಚಿ ಹಿಡಿಯುವ ಪರೀಕ್ಷೆಯಲ್ಲಿ ಒಂದು ನಿಮಿಷ ಕಾಯಬೇಕು. ಎಡಗೈಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಎಡ ಹೆಬ್ಬೆರಳಿನ ಬುಡದ ಮಾಂಸ ಬಲಗೈಗಿಂತ ಕರಗಿತ್ತು. ಸೂಜಿಗೆ ದಾರ ಪೋಣಿಸುವಾಗ ಸೂಜಿ ಬೀಳುತ್ತಿತ್ತು. ಕುತ್ತಿಗೆ, ಭುಜದ ಸ್ನಾಯುಗಳು ಕಲ್ಲಿನಂತೆ ಗಟ್ಟಿ. ಆದರೆ ಕುತ್ತಿಗೆ ತಿರುಗಿಸಿದರೆ ಕೈಯ ಜೋಮು ಹೆಚ್ಚಾಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಅಂದರೆ ಕುತ್ತಿಗೆಯ ನೋವು ನಿಜ, ಕೈಗೆ ಕಾರಣ ಮಾತ್ರ ಅದಲ್ಲ.

ವೈದ್ಯರೊಬ್ಬರ ಹತ್ತಿರ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದೆವು. ಸಕ್ಕರೆ ಸರಿ ಇತ್ತು. ಹಿಮೋಗ್ಲೋಬಿನ್ 9.4. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 7.8, ಇರಬೇಕಾದದ್ದಕ್ಕಿಂತ ಹೆಚ್ಚು. ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಗ್ರಂಥಿಯ ಕೆಲಸ ಕಮ್ಮಿ ಎಂದರ್ಥ. ಥೈರಾಯ್ಡ್ ಕಮ್ಮಿಯಾದರೂ ಮಣಿಕಟ್ಟಿನ ದಾರಿ ಇಕ್ಕಟ್ಟಾಗಬಹುದು. ಅಲ್ಲಿಗೆ ಮನೆಯವರಿಗೆಲ್ಲ ಸಮಾಧಾನವಾಯಿತು: ಥೈರಾಯ್ಡ್ ಅಂತೆ, ಗುಳಿಗೆ ತಗೊಂಡರೆ ಹೋಗ್ತದಂತೆ.

ನನಗೆ ಮಾತ್ರ ಒಂದು ವಿಷಯ ಹೊಂದಲಿಲ್ಲ. ಥೈರಾಯ್ಡ್ ಎರಡೂ ಕೈಗೆ ಒಂದೇ. ತೆಂಗಿನಕಾಯಿ ತುರಿಯುವುದು, ಬಟ್ಟೆ ಹಿಂಡುವುದು, ಈಳಿಗೆಮಣೆಯಲ್ಲಿ ಮೀನು ಹೆಚ್ಚುವುದು, ಇದರಲ್ಲೆಲ್ಲ ಬಲಗೈಯವರಿಗೆ ಬಲಗೈಯೇ ಹೆಚ್ಚು ದುಡಿಯುತ್ತದೆ. ಹಾಗಿದ್ದೂ ಎಡಗೈಯೇ ಇಷ್ಟು ಕೆಟ್ಟಿದ್ದು ಯಾಕೆ? ಈ ಎಡಗೈ ಹಿಂದೆ ಏನು ಕೆಲಸ ಮಾಡಿತ್ತು ಎಂದು ಕೇಳಿದೆ.

"ಕಾಲರ್ ಹಚ್ಚಿತ್ತು" ಎಂದರು.

ಕಾಲರ್ ಹಚ್ಚಿದ ವರ್ಷಗಳು

2011ರ ಜೂನ್‌ನಲ್ಲಿ ಬೆಂಗಳೂರಿಗೆ ಹೋದದ್ದು, ಊರಿನ ಇನ್ನಿಬ್ಬರ ಜೊತೆ. ಮೊದಲು ಪೀಣ್ಯದ ಕಡೆ ಒಂದು ಕಾರ್ಖಾನೆ. 2015ರ ಕೊನೆಗೆ ಬೊಮ್ಮನಹಳ್ಳಿ ಕಡೆ ಇನ್ನೊಂದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗುವವರೆಗೆ ಅಲ್ಲೇ. ಶುರುವಿನಲ್ಲಿ ಹೆಲ್ಪರ್: ದಾರ ಕತ್ತರಿಸುವುದು, ಬಂಡಲ್ ಹೊರುವುದು. ಆಮೇಲೆ ಓವರ್‌ಲಾಕ್ ಮಿಷನ್. ಅಲ್ಲಿ ಬಟ್ಟೆಯ ಅಂಚು ಕತ್ತರಿಸುತ್ತಲೇ ಹೊಲಿಯುವುದರಿಂದ ನೂಲಿನ ಧೂಳು ಜಾಸ್ತಿ. ಕೆಮ್ಮು ಬಂದಿತ್ತು, ಮಿಷನ್ ಬದಲಾದ ಮೇಲೆ ಹೋಯಿತು. ಕೊನೆಗೆ ಸಿಂಗಲ್ ನೀಡಲ್ ಮಿಷನ್, ಶರ್ಟಿಗೆ ಕಾಲರ್ ಹಚ್ಚುವುದು. ಸುಮಾರು ಆರು ವರ್ಷ ಇದೊಂದೇ ಕೆಲಸ.

ಮನೆಯ ಟೇಲರ್ ಇಡೀ ಶರ್ಟು ಹೊಲಿಯುತ್ತಾರೆ. ಒಮ್ಮೆ ಕತ್ತರಿ, ಒಮ್ಮೆ ಸೂಜಿ, ಒಮ್ಮೆ ಇಸ್ತ್ರಿ. ಕೈಗೆ ಬೇರೆ ಬೇರೆ ಚಲನೆ. ಕಾರ್ಖಾನೆಯ ಲೈನಿನಲ್ಲಿ ಶರ್ಟು ತುಂಡು ತುಂಡಾಗಿ ಮುಂದೆ ಹೋಗುತ್ತದೆ. ಒಬ್ಬರು ಕಫ್, ಒಬ್ಬರು ಪಾಕೆಟ್, ಒಬ್ಬರು ಕಾಲರ್. ಒಂದು ಕೆಲಸಕ್ಕೆ ಎಷ್ಟು ಸೆಕೆಂಡು ಹಿಡಿಯಬೇಕು ಎಂದು ಮೊದಲೇ ಲೆಕ್ಕ ಹಾಕಿ, ಅದರ ಮೇಲೆ ಗಂಟೆಯ ಟಾರ್ಗೆಟ್ ಕೂರಿಸುತ್ತಾರೆ. ಅಕ್ಕನ ಟಾರ್ಗೆಟ್ ಗಂಟೆಗೆ 80. ದಿನಕ್ಕೆ 640.

ಆ ಕೆಲಸ ಮಾಡಿ ತೋರಿಸಿ ಎಂದೆ. ಟವೆಲ್ ಒಂದನ್ನು ಮೇಜಿನ ಮೇಲಿಟ್ಟು ತೋರಿಸಿದರು. ಬಲಗೈ ಬಟ್ಟೆಯನ್ನು ಸುಮ್ನೆ ಮುಂದಕ್ಕೆ ಜಾರಿಸುತ್ತದೆ. ಎಡಗೈ ಕಾಲರಿನ ಅಂಚನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಚಿವುಟಿ ಹಿಡಿದು, ಮಣಿಕಟ್ಟು ಮಡಚಿ, ಕುತ್ತಿಗೆಯ ವಂಕಿಗೆ ಸರಿಯಾಗಿ ತಿರುಗಿಸುತ್ತದೆ. ಒಂದು ಕಾಲರಿಗೆ ಐದು ಸಲ ಹಿಡಿತ. ದಿನಕ್ಕೆ 3,200 ಸಲ. ಚಿವುಟುವುದು, ಮಣಿಕಟ್ಟು ಮಡಚುವುದು, ಅದನ್ನೇ ಪುನಃ ಪುನಃ ಮಾಡುವುದು: ಮಣಿಕಟ್ಟಿನ ನರಕ್ಕೆ ಕೆಟ್ಟದ್ದು ಏನೇನೋ ಅಷ್ಟೂ ಒಂದೇ ಚಲನೆಯಲ್ಲಿ ಸೇರಿದ್ದವು. ಆ ಟವೆಲ್ ನೋಡಿದ ಮೇಲೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಥೈರಾಯ್ಡ್ ಸ್ವಲ್ಪ ಕೂಡಿಕೊಂಡಿರಬಹುದು. ಎಡಗೈಯನ್ನು ಆರಿಸಿದ್ದು ಕಾಲರ್.

ಬಲಗಡೆಗೂ ಅದರದೇ ಪಾಲು ಇತ್ತು. ಮಿಷನ್ನಿನ ವೇಗ ಬಲಪಾದದ ಪೆಡಲಿನಲ್ಲಿ. ಬಟ್ಟೆ ಒತ್ತಿ ಹಿಡಿಯುವ ಮಿಷನ್ನಿನ ಪಾದವನ್ನು ಎತ್ತಲು ಬಲಮೊಣಕಾಲಿನಿಂದ ಪಕ್ಕಕ್ಕೆ ಒಂದು ಪಟ್ಟಿ ತಳ್ಳಬೇಕು. ಬೆನ್ನಿಗೆ ಆಸರೆ ಇಲ್ಲದ ಸ್ಟೂಲಿನಲ್ಲಿ ಕೂತು, ತಲೆ ಮುಂದೆ ಬಗ್ಗಿಸಿ, ಒಂದೇ ಕಾಲಲ್ಲಿ ಇಷ್ಟೆಲ್ಲ ಮಾಡಿದರೆ ಸೊಂಟ ಓರೆಯಾಗದೆ ಇನ್ನೇನಾಗುತ್ತದೆ? ಈಗಲೂ ಅಕ್ಕ ನಡೆಯುವಾಗ ಬಲಗಾಲು ಸ್ವಲ್ಪ ಹೊರಗೆ ತಿರುಗಿರುತ್ತದೆ.

ಜೋಮು ಶುರುವಾದದ್ದು 2018ರಲ್ಲಿ, ಕೆಲಸದಲ್ಲಿ ಇದ್ದಾಗಲೇ. ಕಾರ್ಖಾನೆಯ ನರ್ಸ್ ನೋವಿನ ಗುಳಿಗೆ ಕೊಡುತ್ತಿದ್ದರು. ಬೇರೆ ಮಿಷನ್ ಕೇಳಲಿಲ್ಲವೇ ಎಂದೆ. ಅಕ್ಕ ನಕ್ಕರು. ಕಾಲರ್ ಹಚ್ಚುವವರು ಎ ಗ್ರೇಡ್ ಟೇಲರ್, ತಿಂಗಳಿಗೆ ಒಂದಷ್ಟು ರೂಪಾಯಿ ಜಾಸ್ತಿ. ಬೇರೆ ಕೆಲಸಕ್ಕೆ ಹೋದರೆ ಮೊದಲ ವಾರ ಟಾರ್ಗೆಟ್ ಮುಟ್ಟುವುದಿಲ್ಲ, ಸೂಪರ್‌ವೈಸರ್ ಬೈಗುಳ, ಗ್ರೇಡೂ ಹೋಗುತ್ತದೆ. ಕೆಲಸ ಅದಲು ಬದಲು ಮಾಡಿ ಎಂದು ನಮ್ಮ ಪಠ್ಯಪುಸ್ತಕಗಳು ಸುಲಭವಾಗಿ ಬರೆದುಬಿಡುತ್ತವೆ. ಒಂದೇ ಕೆಲಸದ ವೇಗಕ್ಕೆ ಸಂಬಳ ಕೊಡುವ ಕಡೆ ಅದನ್ನು ಕೇಳುವವಳೇ ನಷ್ಟ ಹೊರಬೇಕು.

ಅರ್ಧ ಬಾಟಲಿ ನೀರು

ರಕ್ತಹೀನತೆಯ ಕತೆ ಬೇರೆ, ಆದರೆ ಅದೂ ಅದೇ ಸ್ಟೂಲಿನಲ್ಲಿ ಶುರುವಾದದ್ದು. ಬೆಳಿಗ್ಗೆ ಆರಕ್ಕೆ ಅಡುಗೆ, ಎಂಟೂವರೆಗೆ ಕಾರ್ಖಾನೆ, ತಿಂಡಿಗೆ ಹೊತ್ತಿಲ್ಲ. ಖಾಲಿ ಹೊಟ್ಟೆಗೆ ನೋವಿನ ಗುಳಿಗೆ. ಈ ಗುಳಿಗೆಗಳು ಹೊಟ್ಟೆಯ ಒಳಪದರ ಕೆರಳಿಸಿ, ಒಮ್ಮೊಮ್ಮೆ ಗೊತ್ತಾಗದಂತೆ ರಕ್ತವನ್ನೂ ಸೋರಿಸುತ್ತವೆ. ಮುಟ್ಟಿನಲ್ಲಿ ಹೋಗುವ ರಕ್ತ ಅದರ ಮೇಲೆ.

ನೀರು ಕುಡಿಯುತ್ತಿದ್ದದ್ದು ಇಡೀ ದಿನಕ್ಕೆ ಅರ್ಧ ಬಾಟಲಿ. ನೀರು ಇರಲಿಲ್ಲ ಎಂದಲ್ಲ. ಕುಡಿದರೆ ಏಳಬೇಕು. ಎದ್ದರೆ ಹಿಂದಿನವರ ಬಂಡಲ್ ಮುಂದೆ ರಾಶಿ ಬೀಳುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ವರ್ಷಕ್ಕೆ ಎರಡು ಮೂರು ಸಲ ಉರಿಮೂತ್ರ. ಅಲ್ಲಿದ್ದಷ್ಟು ಕಾಲ ಅದನ್ನು 'ಉಷ್ಣ' ಎಂದುಕೊಂಡು ಎಳನೀರು ಕುಡಿದಿದ್ದರು.

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದಕ್ಕೆಲ್ಲ ಕಲಂ ಇತ್ತು. ಕುಡಿಯುವ ನೀರಿಗೆ 18ನೇ ಕಲಂ, 250ಕ್ಕಿಂತ ಹೆಚ್ಚು ಜನ ಇದ್ದರೆ ಬೇಸಿಗೆಯಲ್ಲಿ ತಣ್ಣಗಿನ ನೀರೇ ಕೊಡಬೇಕು. ಪಾಯಿಖಾನೆಗೆ 19ನೇ ಕಲಂ. ಐದು ಗಂಟೆ ಕೆಲಸಕ್ಕೆ ಅರ್ಧ ಗಂಟೆ ಬಿಡುವು. ಎಲ್ಲವೂ ಆ ಕಾರ್ಖಾನೆಯಲ್ಲಿ ಇದ್ದವು, ಅಕ್ಕನೇ ಹೇಳಿದ್ದು. ತಪಾಸಣೆಗೆ ಬಂದವರಿಗೆ ನಲ್ಲಿ, ಪಾಯಿಖಾನೆ ಎರಡೂ ಕಾಣುತ್ತವೆ. ಗಂಟೆಗೆ 80 ಹೊಲಿಯುವವಳಿಗೆ ಅಲ್ಲಿಗೆ ಹೋಗಿ ಬರುವ ಮೂರು ನಿಮಿಷ ಎಲ್ಲಿಂದ ಬರಬೇಕು ಎಂಬುದು ಕಾಣುವುದಿಲ್ಲ ಅಲ್ವಾ?

ಪಟ್ಟಿಯಲ್ಲಿ ಇಲ್ಲದ ಕಾಯಿಲೆ

ಅಕ್ಕನ ಸಂಬಳದಿಂದ ಪ್ರತಿ ತಿಂಗಳೂ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಹಣ ಕಡಿತವಾಗುತ್ತಿತ್ತು. ಆರಂಭದಲ್ಲಿ ಶೇ 1.75, 2019ರ ಜುಲೈಯಿಂದ ಶೇ 0.75. ಕಾಯಿಲೆ ರಜೆಗೆ ಸಂಬಳದ ಶೇ 70ರಂತೆ ವರ್ಷಕ್ಕೆ 91 ದಿನದವರೆಗೆ ಕೊಡುವ ಸೌಲಭ್ಯ ಅದರಲ್ಲಿದೆ. ಅಕ್ಕ ಒಂದು ದಿನವೂ ಬಳಸಲಿಲ್ಲ. ಚಿಕಿತ್ಸಾಲಯದ ಸಾಲಿನಲ್ಲಿ ನಿಂತರೆ ಆ ದಿನದ ಸಂಬಳ ಹೋಗುತ್ತದೆ, ಹಾಜರಾತಿ ಬೋನಸ್ಸೂ ಹೋಗುತ್ತದೆ. ಕೈ ಜೋಮು ಹಿಡಿಯುತ್ತದೆ ಎಂಬುದು ರಜೆ ಹಾಕುವಂಥ ಕಾಯಿಲೆ ಅಂತಲೂ ಅವರಿಗೆ ಅನಿಸಿರಲಿಲ್ಲ.

ಕೆಲಸ ಬಿಟ್ಟ ಕೂಡಲೇ ಇಎಸ್‌ಐ ಚಿಕಿತ್ಸೆ ನಿಂತುಹೋಗುವುದಿಲ್ಲ. ಕಟ್ಟಿದ ಆರು ತಿಂಗಳಿಗೆ ತಕ್ಕ ಇನ್ನೊಂದು ಆರು ತಿಂಗಳ ಲಾಭದ ಅವಧಿ ಇರುತ್ತದೆ. ಅಕ್ಕನ ಆ ಅವಧಿ 2020ರಲ್ಲೇ ಮುಗಿದಿತ್ತು. ಅದೂ ಲಾಕ್‌ಡೌನ್ ಹೊತ್ತು. ನಮ್ಮ ಜಿಲ್ಲೆಯ ಇಎಸ್‌ಐ ಆಸ್ಪತ್ರೆ ಇರುವುದು ಘಟ್ಟದ ಮೇಲೆ, ದಾಂಡೇಲಿಯಲ್ಲಿ. ಕುಮಟಾದ ಹೊಳೆದಂಡೆಯಲ್ಲಿ ಕೂತವರು ಅಲ್ಲಿಗೆ ಹೋಗುವ ಪ್ರಶ್ನೆಯೇ ಬರಲಿಲ್ಲ.

ಇದು ಕೆಲಸದಿಂದ ಬಂದ ಕಾಯಿಲೆ ಎಂದು ಎಲ್ಲಾದರೂ ಬರೆಸಬಹುದೇ ಎಂದು ನೋಡಿದೆ. ಕಾರ್ಖಾನೆ ಕಾಯ್ದೆಯ 89ನೇ ಕಲಂನಲ್ಲಿ ಒಂದು ಒಳ್ಳೆಯ ಮಾತಿತ್ತು. ಕಾರ್ಖಾನೆಯಲ್ಲಿ ಈಗ ಇರುವವರು ಮಾತ್ರವಲ್ಲ, ಹಿಂದೆ ಇದ್ದವರಿಗೆ ಕೂಡ ಕೆಲಸದ ಕಾಯಿಲೆ ಬಂದಿದೆ ಎಂದು ವೈದ್ಯರಿಗೆ ಅನಿಸಿದರೆ, ಅವರು ಮುಖ್ಯ ಇನ್‌ಸ್ಪೆಕ್ಟರ್ ಕಚೇರಿಗೆ ಬರೆದು ತಿಳಿಸಬೇಕು. ಅಂದರೆ ಕುಮಟಾದ ವೈದ್ಯರು ಬೆಂಗಳೂರಿನ ಕಾರ್ಖಾನೆಯ ಬಗ್ಗೆ ಬರೆಯಬಹುದಿತ್ತು. ಆದರೆ ಮೂರನೇ ಶೆಡ್ಯೂಲಿನ ಪಟ್ಟಿಯಲ್ಲಿ ಇರುವ ಕಾಯಿಲೆಗಳಿಗೆ ಮಾತ್ರ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಎದೆಯ ಕಾಯಿಲೆ ಆ ಪಟ್ಟಿಯಲ್ಲಿತ್ತು. ಅದು ಮುಖ್ಯವಾಗಿ ನೂಲಿನ ಗಿರಣಿಯವರ ಕಾಯಿಲೆ. ಹೊಲಿಯುವವರ ಮಣಿಕಟ್ಟು ಅದರಲ್ಲಿರಲಿಲ್ಲ. ಇಎಸ್‌ಐ ಕಾಯ್ದೆಯ ಪಟ್ಟಿಯಲ್ಲೂ ಇರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಕಾರ್ಪಲ್ ಟನಲ್ ಸಿಂಡ್ರೋಮಿನ ಹೆಸರೇ ಇದೆ. ಜಗತ್ತು ಒಪ್ಪಿದ್ದನ್ನು ನಮ್ಮ ಪಟ್ಟಿ ಒಪ್ಪಿರಲಿಲ್ಲ. ಹಾಗಾಗಿ ವೈದ್ಯರು ಬರೆಯಬೇಕಾದ ಕಾಗದವೂ ಇರಲಿಲ್ಲ, ಲೆಕ್ಕಕ್ಕೆ ಸೇರುವ ದಾರಿಯೂ ಇರಲಿಲ್ಲ.

ಕೆಲಸ ಬಿಡುವಾಗ ಕಾರ್ಖಾನೆ ಕೊಡುವ ಇಡಿಗಂಟು, ಗ್ರಾಚ್ಯುಟಿಯದ್ದೂ ಹೀಗೇ. ಐದು ವರ್ಷ ತುಂಬಬೇಕಿತ್ತು. ಎರಡೂ ಕಾರ್ಖಾನೆಯಲ್ಲಿ ನಾಲ್ಕು ದಾಟಿ ಕೆಲವು ತಿಂಗಳಷ್ಟೇ. ಕೈಗೆ ಬಂದದ್ದು ಪಿಎಫ್ ಒಂದು. ಆ ಪಿಎಫ್ ತೆಗೆಯುವುದಕ್ಕೆ ಕೇಂದ್ರ ಕಟ್ಟುಪಾಡು ಹಾಕಲು ಹೊರಟಾಗ, 2016ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದು ನಿಯಮವನ್ನೇ ಹಿಂದಕ್ಕೆ ಪಡೆಯುವಂತೆ ಮಾಡಿದ್ದರು. ಅಕ್ಕನೂ ಹೊಸೂರು ರಸ್ತೆಯಲ್ಲಿ ಇದ್ದರು. ಇಡೀ ಮಾತುಕತೆಯಲ್ಲಿ ಅವರು ಉತ್ಸಾಹದಿಂದ ಹೇಳಿದ ಭಾಗ ಇದೊಂದೇ. ಆ ದುಡ್ಡಿನಲ್ಲಿ ಊರಿಗೆ ಬಂದು ಹೊಲಿಗೆ ಮಿಷನ್ ಕೊಂಡರು.

ಊರಿಗೆ ಬಂದರೂ ವಾಸಿಯಾಗದ್ದು

ಕೆಲಸ ಬಿಟ್ಟರೆ ಇಂಥ ಜೋಮು ಎಷ್ಟೋ ಜನರಿಗೆ ತಾನಾಗಿ ಇಳಿಯುತ್ತದೆ. ಅಕ್ಕನಿಗೆ ಇಳಿಯಲಿಲ್ಲ, ಯಾಕೆಂದರೆ ಕೈಗೆ ರಜೆ ಸಿಗಲಿಲ್ಲ. ಹಗಲು ಬ್ಲೌಸು, ಮೇ ಜೂನ್‌ನಲ್ಲಿ ಶಾಲೆಯ ಯೂನಿಫಾರ್ಮ್. ರಾಟೆ ಇಲ್ಲದ ಬಾವಿಯಿಂದ ನೀರು. ಇಳಿತದ ಹೊತ್ತಿಗೆ ನಾದಿನಿಯ ಜೊತೆ ಹೊಳೆಗೆ ಇಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು. ಮರಳಿನಲ್ಲಿ ಬೆರಳು ಊರಿ ಕೆದಕುವ ಕೆಲಸ, ಮಣಿಕಟ್ಟು ಮತ್ತೆ ಮಡಚಿಯೇ ಇರಬೇಕು.

ಏನು ಮಾಡಿದೆವು? ರಾತ್ರಿ ಮಣಿಕಟ್ಟು ನೇರ ಇಡುವ ಪಟ್ಟಿ, ಎರಡೂ ಕೈಗೆ. ಕಬ್ಬಿಣದ ಗುಳಿಗೆ, ಥೈರಾಯ್ಡ್ ಗುಳಿಗೆ. ನೋವಿನ ಗುಳಿಗೆ ಬಂದ್. ಬಾವಿಗೆ ರಾಟೆ ಹಾಕಿಸಿದರು, ಅದು ಮಗನ ಕೆಲಸ. ಮಿಷನ್ನಿನ ಮುಂದಿನ ಸ್ಟೂಲು ತೆಗೆದು ಬೆನ್ನಿರುವ ಕುರ್ಚಿ, ಮೇಲೊಂದು ಮಡಚಿದ ಕಂಬಳಿ, ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಎತ್ತರ. ಬಳಚು ಹೆಕ್ಕುವುದು ಬೇಡ ಎಂದೆ. ನಾದಿನಿ ಒಬ್ಬಳನ್ನೇ ಹೊಳೆಗೆ ಹೇಗೆ ಕಳಿಸುವುದು ಎಂದರು. ಇವರು ದಂಡೆಯಲ್ಲಿ ಕೂತು ಸೋಸುವುದು, ಕೆದಕುವುದು ನಾದಿನಿ ಎಂದು ಅವರೇ ಹಂಚಿಕೊಂಡರು.

ನರದ ಪರೀಕ್ಷೆಗೆ ಮಣಿಪಾಲಕ್ಕೆ ಹೋಗಿ ಬಂದರು. ಎಡಗೈಗೆ ತೀವ್ರ, ಬಲಗೈಗೆ ಮಧ್ಯಮ ಎಂದು ಬಂತು. ಶಸ್ತ್ರಚಿಕಿತ್ಸೆಯ ಮಾತು ಬಂದರೂ ಪಟ್ಟಿಯಿಂದಲೇ ನಿದ್ದೆ ಬರತೊಡಗಿತ್ತು, ಹಾಗಾಗಿ ಮುಂದಕ್ಕೆ ಹೋಯಿತು. ನಾಲ್ಕು ತಿಂಗಳಲ್ಲಿ ಟಿಎಸ್‌ಎಚ್ ಸರಿಯಾಯಿತು, ಹಿಮೋಗ್ಲೋಬಿನ್ 11 ದಾಟಿತು. ಎಡಗೈಯ ಹಗಲಿನ ಜೋಮು ಮಾತ್ರ ಹಾಗೇ ಉಳಿಯಿತು. ಥೈರಾಯ್ಡ್ ಒಂದೇ ಕಾರಣವಾಗಿದ್ದರೆ ಅದೂ ಇಳಿಯಬೇಕಿತ್ತು.

ಆ ವರ್ಷದ ಚೌತಿಗೆ ಬ್ಲೌಸುಗಳ ರಾಶಿ ಬಿತ್ತು. ಪಟ್ಟಿ ಗೂಡಿಗೆ ಹೋಯಿತು, ಹೊಲಿಗೆ ರಾತ್ರಿ ಹನ್ನೊಂದರವರೆಗೆ ನಡೆಯಿತು. ಹಬ್ಬ ಮುಗಿಯುವಾಗ ಎಡಗೈಯಲ್ಲಿ ಚಹಾದ ಲೋಟ ನಿಲ್ಲುತ್ತಿರಲಿಲ್ಲ. ಬೈಯುವ ಮನಸ್ಸು ನನಗೆ ಬರಲಿಲ್ಲ. ಅವರ ವರ್ಷದ ದುಡಿಮೆಯ ದೊಡ್ಡ ಪಾಲು ಆ ಮೂರು ವಾರದ್ದು.

ದೀಪಾವಳಿ ಕಳೆದ ಮೇಲೆ ಎಡಗೈಗೆ ಶಸ್ತ್ರಚಿಕಿತ್ಸೆ ಆಯಿತು. ಕೈಯಷ್ಟಕ್ಕೇ ಮರಗಟ್ಟಿಸಿ, ಮಣಿಕಟ್ಟಿನೊಳಗಿನ ಆ ಗಟ್ಟಿ ಪಟ್ಟಿ ಕತ್ತರಿಸಿ ನರಕ್ಕೆ ಜಾಗ ಮಾಡುವುದು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಸ್ಪತ್ರೆಯ ಖರ್ಚು ಹೋಯಿತು. ಕೈಯಿಂದ ಹೋದದ್ದು ಬಸ್ಸಿಗೆ, ಜೊತೆಗೆ ಬಂದವರ ಊಟಕ್ಕೆ, ನಿಂತುಹೋದ ಹೊಲಿಗೆಗೆ. ಸರ್ಕಾರದ ಒಂದು ಯೋಜನೆ ಕಟ್ಟಬೇಕಾದದ್ದನ್ನು ಇನ್ನೊಂದು ಯೋಜನೆ ಕಟ್ಟಿತು. ಕಾರ್ಖಾನೆಯ ಲೆಕ್ಕಕ್ಕೆ ಅದರಲ್ಲಿ ಒಂದು ಪೈಸೆಯೂ ಬರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಉದ್ಯೋಗ ಏನು ಬರೆಯುತ್ತಾರೆ ಎಂದು ಕಾಯುತ್ತಿದ್ದೆ. ಈ ಸಲ 'ಟೇಲರಿಂಗ್' ಎಂದಿತ್ತು, ಅಕ್ಕ ತಾವೇ ಹೇಳಿ ಬರೆಸಿದ್ದು.

2024ರ ಮಳೆಗಾಲದ ಹೊತ್ತಿಗೆ ಎಡಗೈಯ ಜೋಮು ಹೋಗಿದೆ. ರಾತ್ರಿ ನಿದ್ದೆ ಇದೆ. ಹೆಬ್ಬೆರಳಿನ ಬುಡದ ಮಾಂಸ ತುಂಬಿಲ್ಲ, ಪೂರ್ತಿ ತುಂಬುವ ಭರವಸೆಯೂ ಕಮ್ಮಿ. ನರ ಬಹಳ ಕಾಲ ಒತ್ತಿಕೊಂಡಿದ್ದರೆ ಹಾಗೇ. ಗುಂಡಿ ಹಾಕುವುದು, ಕೈಹೊಲಿಗೆ ಎರಡನ್ನೂ ಮಗಳಿಗೆ ಬಿಟ್ಟಿದ್ದಾರೆ. ಕುತ್ತಿಗೆ ನೋವು ಮಳೆ ಬಂದರೆ ಬರುತ್ತದೆ, ಹೋಗುತ್ತದೆ.

ನಾದಿನಿಯ ಮಗಳು ಈಗ ಬೆಂಗಳೂರಿನಲ್ಲಿ ಒಂದು ಕಾರ್ಖಾನೆ ಸೇರಿದ್ದಾಳೆ. ಅವಳಿಗೆ ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟು: ಇಎಸ್‌ಐ ನಂಬರ್ ಬರೆದಿಟ್ಟುಕೋ, ಕೈ ಜೋಮು ಹಿಡಿದರೆ ಆ ದಿನವೇ ಚೀಟಿ ಮಾಡಿಸು, ಮಿಷನ್ನಿನ ಹೆಸರು ಚೀಟಿಯಲ್ಲಿ ಹಾಕಿಸು. ಬಲಗೈಗೆ ಸದ್ಯ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಡಿಸಿದ್ದೇವೆ. ಅದಕ್ಕೂ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದು ಹೇಳಿದೆ. ಚೌತಿ ಮುಗಿಯಲಿ ಎಂದಿದ್ದಾರೆ.